ಬಾಯಿ ವಾಸನೆ: ಮೊದಲು ಜಾಗ ಪತ್ತೆಮಾಡಿದೆ

ಶಾಲೆಯಲ್ಲಿ ದಿನವಿಡೀ ಪಾಠ ಹೇಳುವವಳು ನಾನು. ನೋಟ್‌ಬುಕ್ ತಿದ್ದಲು ಬಗ್ಗಿದರೆ ಮಕ್ಕಳು ಮುಖ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದವು. ತುಂಬಾ ನೋವಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ‘ಹೊಟ್ಟೆ ಸರಿಯಿಲ್ಲ’ ಎಂದರು. ಹಲ್ಲಿನ ಡಾಕ್ಟರು ಮಾತ್ರ, ‘ಹೆಚ್ಚಿನವರಲ್ಲಿ ವಾಸನೆ ಹುಟ್ಟುವುದು ಬಾಯಲ್ಲೇ. ಎಲ್ಲಿಂದ ಬರುತ್ತಿದೆ ಅಂತ ನೋಡಿಕೊಳ್ಳಿ’ ಎಂದರು.

ಅಂಗೈಗೆ ಉಸಿರು ಬಿಟ್ಟು ಮೂಸಿದರೆ ತಿಳಿಯುವುದಿಲ್ಲ. ನಮ್ಮ ವಾಸನೆಗೆ ನಮ್ಮ ಮೂಗು ಒಗ್ಗಿಹೋಗಿರುತ್ತದೆ. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಸ್ಟೀಲ್ ಚಮಚದಿಂದ ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಹೆರೆದು, ಸ್ವಲ್ಪ ಬಿಟ್ಟು ಮೂಸಿದೆ. ಕೊಳೆತ ಮೊಟ್ಟೆಯ ನಾತ. ಆಮೇಲೆ ಫ್ಲಾಸ್ ದಾರವನ್ನು ಒಂದೊಂದೇ ಸಂದಿಯಲ್ಲಿ ಆಡಿಸಿ ಬೇರೆಬೇರೆಯಾಗಿ ಮೂಸಿದೆ. ಮುಂದಿನ ಹಲ್ಲುಗಳಲ್ಲಿ ಏನೂ ಇರಲಿಲ್ಲ. ಬಲಗಡೆ ಕೆಳಗಿನ ಕೊನೆಯ ಎರಡು ದವಡೆಹಲ್ಲುಗಳ ನಡುವೆ ವಾಸನೆ ಜೋರಾಗಿತ್ತು, ದಾರಕ್ಕೆ ರಕ್ತವೂ ಅಂಟಿತ್ತು.

ಇಂಥ ಗಾಳಿಯಾಡದ ಸಂದುಗಳಲ್ಲಿ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕೊಳೆಸಿ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಅನಿಲಗಳನ್ನು ಬಿಡುತ್ತವೆ. ಏಲಕ್ಕಿ, ಲವಂಗ ಅದನ್ನು ಸ್ವಲ್ಪ ಹೊತ್ತು ಮುಚ್ಚುತ್ತವೆ, ಅಷ್ಟೆ. ವಸಡಿನ ಕೆಳಗೆ ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಬಗ್ಗುವುದಿಲ್ಲ, ಡಾಕ್ಟರ ಹತ್ತಿರ ಸ್ಕೇಲಿಂಗ್ (ಉಪಕರಣದಿಂದ ಕಿಟ್ಟ ಕೆರೆದು ತೆಗೆಯುವುದು) ಮಾಡಿಸಿದೆ. ಆ ಸಂದಿಗೆ ಈಗ ರಾತ್ರಿ ಊಟವಾದ ಮೇಲೆ ಸಂದಿಗೆಂದೇ ಸಿಗುವ ಪುಟ್ಟ ಬ್ರಷ್ ಹಾಕುತ್ತೇನೆ. ರಕ್ತ ನಿಂತಿದೆ.

ನಾಲಿಗೆ ಹೆರೆಯುವ ಅಭ್ಯಾಸ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಆದರೆ ಹೆರೆಯುವ ಪಟ್ಟಿ ಅರ್ಧ ನಾಲಿಗೆಗೇ ನಿಲ್ಲುತ್ತದೆ, ಬಿಳಿ ಪದರ ಇರುವುದು ಅದರಾಚೆ. ನಾಲಿಗೆ ಪೂರ್ತಿ ಹೊರಚಾಚಿ ಉಸಿರು ಬಿಡುತ್ತಾ ಹೆರೆದರೆ ನನಗೆ ಓಕರಿಕೆ ಕಡಿಮೆ. ಒತ್ತಿ ಗಾಯ ಮಾಡಿಕೊಳ್ಳಬಾರದು.

ಮಾತಾಡಿ ಮಾತಾಡಿ ಬಾಯಿ ಒಣಗಿದರೂ ವಾಸನೆ ಏಳುತ್ತದೆ, ಬಾಯಿ ತೊಳೆಯುವ ಕೆಲಸ ಜೊಲ್ಲಿನದೇ ತಾನೆ. ಪಿರಿಯಡ್ಡಿಗೊಮ್ಮೆ ಎರಡು ಗುಟುಕು ನೀರು ಕುಡಿಯುತ್ತೇನೆ. ಬಿಪಿ, ಅಲರ್ಜಿಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಹಾಗೆಂದು ನಾವೇ ನಿಲ್ಲಿಸದೆ ಡಾಕ್ಟರಿಗೆ ಹೇಳಬೇಕು. ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಹಳ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ. ಡಾಕ್ಟರು ಹೇಳಿದಷ್ಟು ದಿನ ಸಾಕು. ಬೆಳ್ಳುಳ್ಳಿಯದು ಬೇರೆಯೇ: ಅದು ರಕ್ತ ಸೇರಿ ಶ್ವಾಸಕೋಶದಿಂದಲೂ ಬರುವುದರಿಂದ ಹಲ್ಲುಜ್ಜಿದರೆ ಹೋಗದು, ತಾನಾಗಿ ಇಳಿಯಬೇಕು.

ಬಾಯೆಲ್ಲ ಚೊಕ್ಕವಿದ್ದೂ ವಾಸನೆ ನಿಲ್ಲದಿದ್ದರೆ ಟಾನ್ಸಿಲ್, ಸೈನಸ್ ತೋರಿಸಿ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಮನೆಯಲ್ಲಿ ಹಿರಿಯರಿಗೆ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆಸಿ, ಉಜ್ಜಿ, ನೀರಲ್ಲಿಡಿ.