ಮತ್ತಿನ ಡಾಕ್ಟರಿಗೆ ನಾನು ಕೊಟ್ಟ ಚೀಟಿ

ಆಪರೇಷನ್ ಅಂದ ಕೂಡಲೇ ಸರ್ಜನ್ ಯಾರು ಅಂತ ಎಲ್ಲರೂ ವಿಚಾರಿಸುತ್ತಾರೆ. ಅನಸ್ತೀಷಿಯಾ, ಅಂದರೆ ಮತ್ತು ಕೊಡುವ ಡಾಕ್ಟರ್ ಯಾರು ಅಂತ ಕೇಳುವವರು ಕಡಿಮೆ. ನಮ್ಮ ಮನೆಯಲ್ಲಿ ಈಗ ಮೊದಲು ಕೇಳುವುದೇ ಅದನ್ನು.

ಚಳ್ಳಕೆರೆಯ ನನ್ನ ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಮುಗಿದರೂ ಉಸಿರಾಟ ಮರಳಲಿಲ್ಲ. ಗಂಟೆಗಟ್ಟಲೆ ವೆಂಟಿಲೇಟರ್. ಆಮೇಲೆ ಅವನು ಹೇಳಿದ್ದು ಕೇಳಿ ಎದೆ ನಡುಗಿತು: "ಅಲ್ಲಿ ಮಾತಾಡೋದೆಲ್ಲ ಕೇಳಿಸ್ತಿತ್ತು ಅಕ್ಕಾ. ರೆಪ್ಪೆ ಎತ್ತೋಕೂ ಆಗ್ತಿರ್ಲಿಲ್ಲ." ಡಿಸ್ಚಾರ್ಜ್ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಗಂಟಲಿಗೆ ಟ್ಯೂಬ್ ಹಾಕುವ ಮುಂಚೆ ಸ್ನಾಯು ಸಡಿಲವಾಗಲು ಸ್ಕೋಲಿನ್ ಎಂಬ ಇಂಜೆಕ್ಷನ್ ಕೊಡುವುದುಂಟು. ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕೆಲವೇ ನಿಮಿಷದಲ್ಲಿ ಕರಗಿಸಿಬಿಡುತ್ತದೆ. ತಮ್ಮನಿಗೆ ಹುಟ್ಟಿನಿಂದಲೇ ಆ ಕಿಣ್ವ ಇಲ್ಲವೇನೋ ಅನ್ನುವಷ್ಟು ಕಡಿಮೆ, ಅದಕ್ಕೇ ಸ್ಕೋಲಿನ್ ಬೇಗ ಕರಗದೆ ಉಸಿರಾಟ ಮರಳಲಿಲ್ಲ. ದಿನದ ಬದುಕಿಗೆ ಈ ಕೊರತೆಯಿಂದ ಏನೂ ತೊಂದರೆ ಇಲ್ಲ, ಹಾಗಾಗಿ ಗೊತ್ತೇ ಆಗಲ್ಲ. ಸಾಮಾನ್ಯವಾಗಿ ಇದು ಅಪರೂಪ. ನಮ್ಮ ಆರ್ಯವೈಶ್ಯರಲ್ಲಿ ಜಾಸ್ತಿ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕು. ಒಬ್ಬರಿಗಿದ್ದರೆ ಒಡಹುಟ್ಟಿದವರಿಗೂ ಕಡೇಪಕ್ಷ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ.

ನನ್ನ ಪಿತ್ತಕೋಶದ ಆಪರೇಷನ್ ದಾವಣಗೆರೆಯಲ್ಲಿ ಅಂತ ಗೊತ್ತಾದಾಗ ಒಂದು ಹಾಳೆಯಲ್ಲಿ ಬರೆದೆ: ಯಾರಿಗೆ, ಯಾವ ಆಪರೇಷನ್, ಯಾವ ಇಂಜೆಕ್ಷನ್, ಎಷ್ಟು ಹೊತ್ತು ವೆಂಟಿಲೇಟರ್. ಸರ್ಜನ್‌ಗೆ ಹೇಳಿದ್ದೇನೆ ಅಂತ ಸುಮ್ನಿರಲಿಲ್ಲ. ಮತ್ತಿನ ಡಾಕ್ಟರ್ ಸಿಗುವವರೆಗೆ ಕೂತೆ. ಆ ಮೇಡಂ ಚೀಟಿ ಓದಿ, ಕುರ್ಚಿ ಹತ್ತಿರ ಎಳೆದುಕೊಂಡು, "ನಿಮ್ಮ ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆದವರಾ?" ಅಂತ ಶುರು ಮಾಡಿದರು. ಹೌದು, ಸೋದರಿಕೆ. ಕಿಣ್ವದ ರಕ್ತಪರೀಕ್ಷೆ ಮಾಡಿಸಿದರು. ನನಗೂ ಕಡಿಮೆ! ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ 'ನೋ ಸ್ಕೋಲಿನ್' ಅಂತ ದೊಡ್ಡದಾಗಿ ಬರೆದರು. ಆ ಕಿಣ್ವದ ಹಂಗಿಲ್ಲದ ಅಟ್ರಾಕ್ಯೂರಿಯಂ ಕೊಟ್ಟರು. ಸರಿಯಾದ ಹೊತ್ತಿಗೆ ಎಚ್ಚರವಾಯಿತು.

ಆಮೇಲೆ ನೆಂಟರಿಗೆಲ್ಲ ಹೇಳತೊಡಗಿದೆ. "ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾಗುತ್ತೆ, ಸುಮ್ನಿರು" ಅಂದವರೂ ಇದ್ದಾರೆ. ನಾನು ಒಪ್ಪಲಿಲ್ಲ. ಅದೇ ಹೆಣ್ಣುಮಕ್ಕಳಿಗೆ ನಾಳೆ ತುರ್ತಾಗಿ ಸಿಸೇರಿಯನ್ ಆಗಬಹುದು ಅಲ್ವಾ? ಪೂರ್ತಿ ಮತ್ತು ಕೊಡಬೇಕಾಗಿ ಬಂದರೆ ಸ್ಕೋಲಿನ್ ಅಲ್ಲೇ ಟ್ರೇನಲ್ಲಿರುತ್ತದೆ. ವಿಚಾರಿಸುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಚಿಕ್ಕಮ್ಮನ ಮಗಳು ಈಗ ಚೀಟಿಯ ಜೆರಾಕ್ಸನ್ನು ತಾಯಿ ಕಾರ್ಡಿನ ಒಳಗೇ ಇಟ್ಟುಕೊಂಡಿದ್ದಾಳೆ.

ಆಸ್ಪತ್ರೆಯವರಲ್ಲಿ ನನ್ನದೊಂದೇ ವಿನಂತಿ. ಎಚ್ಚರವಾಗುವುದು ತಡವಾದರೆ, ಯಾವ ಔಷಧ ಕೊಟ್ಟಿರಿ, ಎಷ್ಟು ಹೊತ್ತು ತಡವಾಯಿತು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದುಕೊಡಿ.