ಒಂದೇ ರೈಲು ಅಪಘಾತ, ಮೂರು ವರದಿ: ಇಂಗ್ಲಿಷ್ ಪದ ಕಲಿಯುವ ದಾರಿ

ದಿನಕ್ಕೊಂದು ಹೊಸ ಸುದ್ದಿ ಹಿಡಿದು ಪದ ಕಲಿಯಲು ಹೊರಟರೆ ಇವತ್ತು ಬರೆದುಕೊಂಡ ಪದ ನಾಳೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಉಳಿಯುವುದೂ ಇಲ್ಲ. ರೈಲು ಅಪಘಾತದ ಸುದ್ದಿ ಹಾಗಲ್ಲ. ಒಂದೇ ಘಟನೆ ವಾರಗಟ್ಟಲೆ ಪತ್ರಿಕೆಯಲ್ಲಿರುತ್ತದೆ, ಬಳಕೆಯಾಗುವ ಪದಗಳು ಸೀಮಿತ, ಅವೇ ಮತ್ತೆ ಮತ್ತೆ ಬರುತ್ತವೆ. ಆದ್ದರಿಂದ ಹತ್ತು ಅಪಘಾತಗಳ ಹತ್ತು ವರದಿ ಬೇಡ. ಒಂದೇ ಅಪಘಾತದ ಮೂರು ವರದಿ ಸಾಕು: ಮೊದಲ ಕೆಲವು ಗಂಟೆಗಳದ್ದು, ಮರುದಿನದ್ದು, ತನಿಖೆಯ ಕಾಲದ್ದು.

2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್ ನಿಲ್ದಾಣದಲ್ಲಿ ನಡೆದ ಅಪಘಾತ ಇದಕ್ಕೆ ಚೆನ್ನಾಗಿ ಒದಗುತ್ತದೆ. ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿ ಬಿಟ್ಟು ಲೂಪ್ ಲೈನಿಗೆ (ನಿಲ್ದಾಣದಲ್ಲಿ ರೈಲುಗಳನ್ನು ಬದಿಗೆ ನಿಲ್ಲಿಸುವ ಪಕ್ಕದ ಹಳಿ) ನುಗ್ಗಿ, ಅಲ್ಲಿ ನಿಂತಿದ್ದ ಕಬ್ಬಿಣದ ಅದಿರಿನ ಗೂಡ್ಸ್ ರೈಲಿಗೆ ಗುದ್ದಿತು. ಪಕ್ಕದ ಹಳಿಯ ಮೇಲೆ ಹೋಗುತ್ತಿದ್ದ ಬೆಂಗಳೂರು–ಹೌರಾ ರೈಲಿನ ಕೊನೆಯ ಬೋಗಿಗಳೂ ಇದಕ್ಕೆ ಸಿಕ್ಕವು. ಬೆಂಗಳೂರಿನಿಂದ ಹೊರಟ ರೈಲು ಇದರಲ್ಲಿ ಇದ್ದುದರಿಂದ ಕನ್ನಡ ವರದಿಗಳಿಗೂ ಕೊರತೆಯಿಲ್ಲ.

ಮೊದಲು ಕನ್ನಡ ವರದಿ ಓದಿ. ಏನಾಯಿತೆಂದು ಗೊತ್ತಿದ್ದರೆ ಇಂಗ್ಲಿಷ್ ಓದುವಾಗ ತಲೆ ಪೂರ್ತಿ ಪದಗಳ ಕಡೆಗಿರುತ್ತದೆ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಒಂದೇ ಸಂಸ್ಥೆಯವು, ಅಕ್ಕಪಕ್ಕ ಇಟ್ಟು ಓದಬಹುದು. ಆಮೇಲೆ ಇಂಗ್ಲಿಷ್ ವರದಿಯನ್ನು ನಿಘಂಟು ಮುಟ್ಟದೆ ಒಮ್ಮೆ ಓದಿ. ಎರಡನೇ ಓದಿನಲ್ಲಿ ಗೆರೆ ಎಳೆಯಿರಿ. ಒಂದು ವರದಿಗೆ ಎಂಟು–ಹತ್ತು ಪದ ಸಾಕು. ಇಪ್ಪತ್ತು ಬರೆದರೆ ಪುಸ್ತಕ ತುಂಬುತ್ತದೆ, ಅಷ್ಟೇ.

ಮೊದಲ ಗಂಟೆಗಳ ವರದಿಯಲ್ಲಿ ಕ್ರಿಯಾಪದಗಳೇ ಮುಖ್ಯ. ಡಿರೇಲ್ ಎಂದರೆ ಹಳಿ ತಪ್ಪುವುದು, ಓವರ್‌ಟರ್ನ್ ಎಂದರೆ ಮಗುಚುವುದು. ಡಿಕ್ಕಿಗೆ ಮೂರ್ನಾಲ್ಕು ಪದಗಳಿವೆ, ಅವನ್ನು ಅದಲುಬದಲು ಮಾಡಬೇಡಿ. ಕೊಲೈಡ್ ನಂತರ ವಿತ್ ಬರುತ್ತದೆ, ರ‍್ಯಾಮ್ ನಂತರ ಇಂಟು ಬರುತ್ತದೆ, ಹಿಟ್ ನಂತರ ಏನೂ ಬೇಡ. ನಿಂತ ರೈಲಿಗೆ ಗುದ್ದಿದ್ದಕ್ಕೆ ರ‍್ಯಾಮ್ ಇಂಟು ಅಥವಾ ಹಿಟ್ ಸರಿ. ಹೆಡ್-ಆನ್ ಎಂದರೆ ಎದುರುಬದುರು, ರಿಯರ್-ಎಂಡ್ ಎಂದರೆ ಹಿಂದಿನಿಂದ. ನಮ್ಮವರು ‘ಡ್ಯಾಶ್ ಹೊಡೆಯಿತು’ ಎನ್ನುತ್ತಾರಲ್ಲ, ಅದನ್ನು ಇಂಗ್ಲಿಷ್ ವಾಕ್ಯಕ್ಕೆ ಒಯ್ಯಬೇಡಿ. ಅಲ್ಲಿ ಡ್ಯಾಶ್ ಎಂದರೆ ಮುಖ್ಯವಾಗಿ ಧಾವಿಸುವುದು. ಬೋಗಿಗಳು ನಜ್ಜುಗುಜ್ಜಾದರೆ ಮ್ಯಾಂಗಲ್ಡ್, ಒಳಗೆ ಸಿಲುಕಿದವರು ಟ್ರ್ಯಾಪ್ಡ್. ಅವಶೇಷಕ್ಕೆ ಬರುವ ಪದದ ಕೊನೆಯಲ್ಲಿ ಎಸ್ ಅಕ್ಷರವಿದ್ದರೂ ಉಚ್ಚಾರ ಡೆಬ್ರಿ.

ಈ ಹಂತದ ವರದಿಗಳಲ್ಲಿ ಅನುಮಾನದ ಪದಗಳೂ ಇರುತ್ತವೆ: ಅಟ್ ಲೀಸ್ಟ್ (ಕನಿಷ್ಠ), ಫಿಯರ್ಡ್ ಡೆಡ್ (ಸತ್ತಿರಬಹುದೆಂಬ ಶಂಕೆ), ಪ್ರೈಮಾ ಫೇಶಿ (ಮೇಲ್ನೋಟಕ್ಕೆ). ಬಹನಾಗಾದಲ್ಲಿ ಯಾವ ರೈಲು ಮೊದಲು ಹಳಿ ತಪ್ಪಿತು ಎಂಬುದರಲ್ಲೇ ಮೊದಲ ವರದಿಗಳು ಒಂದನ್ನೊಂದು ಹೋಲುತ್ತಿರಲಿಲ್ಲ. ಸುದ್ದಿಯ ಸತ್ಯಕ್ಕೆ ಅದು ಕೊರತೆ. ಕಲಿಯುವವರಿಗೆ ಮಾತ್ರ ಲಾಭ, ಒಂದೇ ವಿಷಯ ಬೇರೆ ಬೇರೆ ವಾಕ್ಯಗಳಲ್ಲಿ ಸಿಗುತ್ತದೆ.

ಮರುದಿನದ ವರದಿಯಲ್ಲಿ ಸಂಖ್ಯೆಗಳದ್ದೇ ಕಾರುಬಾರು. ಡೆತ್ ಟೋಲ್ ಎಂದರೆ ಮೃತರ ಒಟ್ಟು ಸಂಖ್ಯೆ. ಇದರ ಜೊತೆಗೆ ಬರುವ ಕ್ರಿಯಾಪದಗಳನ್ನು ಬಹನಾಗಾದ ಅಂಕಿಗಳ ಮೇಲೇ ಕಲಿಯಬಹುದು. ಜೂನ್ 3ಕ್ಕೆ 288 ಇತ್ತು: ಸ್ಟುಡ್ ಅಟ್. ಕೆಲವು ಶವಗಳನ್ನು ಎರಡು ಸಲ ಎಣಿಸಲಾಗಿತ್ತೆಂದು ಮರುದಿನ ಅದನ್ನು 275ಕ್ಕೆ ಇಳಿಸಿದರು: ವಾಸ್ ರಿವೈಸ್ಡ್ ಟು. ಬಳಿಕ ಮತ್ತೆ 288ಕ್ಕೆ ಏರಿತು: ರೋಸ್ ಟು. ಮೂರನ್ನೂ ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು ಬರೆಯಿರಿ.

ಅತಿ ಹೆಚ್ಚು ಎಡವುವುದು ಕ್ಯಾಶುವಲ್ಟಿ ಎಂಬಲ್ಲಿ. ನಮಗೆ ಅದು ಆಸ್ಪತ್ರೆಯ ತುರ್ತು ವಿಭಾಗ. ವರದಿಯಲ್ಲಿ ಕ್ಯಾಶುವಲ್ಟೀಸ್ ಎಂದರೆ ಸತ್ತವರು, ಗಾಯಗೊಂಡವರು ಇಬ್ಬರೂ. ಬರೀ ಸತ್ತವರಿಗೆ ಫೇಟಾಲಿಟೀಸ್. ಅಪಘಾತದಲ್ಲಿ ಗಾಯವಾದವರು ಇಂಜರ್ಡ್. ವೂಂಡೆಡ್ ಪದ ಸಾಮಾನ್ಯವಾಗಿ ಗುಂಡು, ಚಾಕು, ಯುದ್ಧದ ಗಾಯಕ್ಕೆ. ಎಕ್ಸ್ ಗ್ರೇಷಿಯಾ ಎಂದರೆ ಸರ್ಕಾರ ಕೂಡಲೇ ಘೋಷಿಸುವ ನೆರವು. ಬಹನಾಗಾದಲ್ಲಿ ರೈಲ್ವೆ ಮೃತರ ಕುಟುಂಬಕ್ಕೆ 10 ಲಕ್ಷ, ತೀವ್ರ ಗಾಯಕ್ಕೆ 2 ಲಕ್ಷ, ಸಣ್ಣ ಗಾಯಕ್ಕೆ 50,000 ರೂಪಾಯಿ ಘೋಷಿಸಿತ್ತು. ಕಾಂಪೆನ್ಸೇಷನ್ ಬೇರೆ, ಅದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ ಮೂಲಕ ಹಕ್ಕಾಗಿ ಕೇಳುವಂಥದ್ದು. ಕನ್ನಡದಲ್ಲಿ ಎರಡನ್ನೂ ‘ಪರಿಹಾರ’ ಎಂದೇ ಬರೆಯುವುದರಿಂದ ಗೊಂದಲ.

ತನಿಖೆಯ ವರದಿ ಕಷ್ಟ, ಅದನ್ನು ಕೊನೆಗಿಡಿ. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯಲ್ಲಾದ ಲೋಪಗಳತ್ತ ಬೊಟ್ಟು ಮಾಡಿತು. ಇಲ್ಲಿ ಸಿಗುವ ಪದಗಳು ಲ್ಯಾಪ್ಸ್ (ಲೋಪ), ನೆಗ್ಲಿಜೆನ್ಸ್ (ನಿರ್ಲಕ್ಷ್ಯ), ಇಂಟರ್‌ಲಾಕಿಂಗ್ (ಸಿಗ್ನಲ್ ಮತ್ತು ಹಳಿ ಬದಲಾವಣೆ ಒಂದಕ್ಕೊಂದು ಹೊಂದಿಕೊಂಡೇ ನಡೆಯುವಂತೆ ಮಾಡುವ ವ್ಯವಸ್ಥೆ), ಲೆವೆಲ್ ಕ್ರಾಸಿಂಗ್ (ರಸ್ತೆ ಹಳಿಯನ್ನು ದಾಟುವ ಜಾಗ). ಲ್ಯಾಪ್ಸ್, ನೆಗ್ಲಿಜೆನ್ಸ್ ಕಚೇರಿ ಪತ್ರಕ್ಕೂ ಪರೀಕ್ಷೆಗೂ ಒದಗುತ್ತವೆ. ಇಂಟರ್‌ಲಾಕಿಂಗ್ ಅರ್ಥವಾದರೆ ಸಾಕು, ಬಾಯಿಪಾಠ ಬೇಡ.

ಪುಸ್ತಕದಲ್ಲಿ ಪದದ ಎದುರು ಅರ್ಥ ಮಾತ್ರ ಬರೆದರೆ ಉಪಯೋಗವಿಲ್ಲ. ಸ್ಪೆಲಿಂಗನ್ನು ವರದಿ ನೋಡಿ ನಕಲು ಮಾಡಿ, ಜೊತೆಗೆ ಬರುವ ಚಿಕ್ಕ ಪದ ಸೇರಿಸಿ, ಕೆಳಗೆ ನಿಮ್ಮದೇ ಒಂದು ವಾಕ್ಯ ಬರೆಯಿರಿ. ಮರುದಿನ, ಮೂರನೇ ದಿನ, ವಾರದ ನಂತರ ಎಡಗಡೆ ಮುಚ್ಚಿ ನೆನಪಿಸಿಕೊಳ್ಳಿ.

ಶೀರ್ಷಿಕೆಗಳಿಂದ ಪದ ತೆಗೆದುಕೊಳ್ಳಿ, ವ್ಯಾಕರಣ ಬೇಡ. ಅಲ್ಲಿ ನಡೆದುಹೋದದ್ದನ್ನು ವರ್ತಮಾನದಲ್ಲಿ ಬರೆಯುತ್ತಾರೆ, ಆರ್ಟಿಕಲ್‌ಗಳನ್ನು ಬಿಡುತ್ತಾರೆ, ‘288 ಕಿಲ್ಡ್’ ಎಂದಷ್ಟೇ ಹಾಕುತ್ತಾರೆ. ನಿಮ್ಮ ವಾಕ್ಯದಲ್ಲಿ ವರ್ ಕಿಲ್ಡ್ ಎಂದೇ ಇರಬೇಕು. ಪ್ರೋಬ್ (ತನಿಖೆ) ಕೂಡ ಹೆಚ್ಚಾಗಿ ಶೀರ್ಷಿಕೆಯ ಪದ. ಮಾತಿನಲ್ಲಿ ಇನ್ವೆಸ್ಟಿಗೇಷನ್ ಅಥವಾ ಇನ್‌ಕ್ವೈರಿ ಎನ್ನಿ.

ಅಮೆರಿಕದ ವರದಿ ಓದುವವರು ಬೇರೆ ಪಟ್ಟಿ ಇಟ್ಟುಕೊಳ್ಳಬೇಕು. ಗೂಡ್ಸ್ ಟ್ರೈನ್ ಅಲ್ಲಿ ಫ್ರೇಟ್ ಟ್ರೈನ್, ಲೆವೆಲ್ ಕ್ರಾಸಿಂಗ್ ಅಲ್ಲಿ ಗ್ರೇಡ್ ಕ್ರಾಸಿಂಗ್, ಹಳಿಯಡಿಯ ಸ್ಲೀಪರ್ ಅಲ್ಲಿ ಟೈ, ರೈಲು ಓಡಿಸುವವರು ಎಂಜಿನಿಯರ್. 2023ರ ಫೆಬ್ರುವರಿಯಲ್ಲಿ ಒಹಾಯೊದ ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ 38 ಕಾರ್ ಹಳಿ ತಪ್ಪಿದವು ಎಂದು ಓದಿದರೆ ಅವು ಗೂಡ್ಸ್ ರೈಲಿನ ವ್ಯಾಗನ್‌ಗಳು. ಬೋಗಿ ಪದದಲ್ಲೂ ಎಚ್ಚರ ಬೇಕು. ನಾವು ಇಡೀ ಡಬ್ಬಿಗೆ ಬೋಗಿ ಎನ್ನುತ್ತೇವೆ, ರೈಲ್ವೆ ಎಂಜಿನಿಯರಿಂಗ್‌ನಲ್ಲಿ ಅದು ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು. ಪ್ರಯಾಣಿಕರ ಡಬ್ಬಿಗೆ ವಾಕ್ಯದಲ್ಲಿ ಕೋಚ್ ಎಂದು ಬರೆದರೆ ತಪ್ಪಾಗದು.

ಮಕ್ಕಳಿಗೆ ಕಲಿಸುವುದಾದರೆ ಸ್ಥಳದ ಚಿತ್ರ, ವಿಡಿಯೊಗಳನ್ನು ಬಿಟ್ಟು ಪಠ್ಯವನ್ನಷ್ಟೇ ಮುದ್ರಿಸಿ ಕೊಡಿ. ಪ್ರಾಣಹಾನಿಯಿಲ್ಲದ ಅಪಘಾತ ಇನ್ನೂ ಒಳ್ಳೆಯದು.

ಅಂಥದೊಂದು ಅಪಘಾತ ಕಲಿತದ್ದನ್ನು ಪರೀಕ್ಷಿಸಿಕೊಳ್ಳಲೂ ಸರಿಹೊಂದುತ್ತದೆ. 2024ರ ಅಕ್ಟೋಬರ್ 11ರಂದು ತಮಿಳುನಾಡಿನ ಕವರೈಪೇಟೈನಲ್ಲಿ ಮೈಸೂರು–ದರ್ಭಂಗಾ ಬಾಗ್ಮತಿ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ಹೋಗಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು, ಯಾರೂ ಸಾಯಲಿಲ್ಲ. ಸನ್ನಿವೇಶ ಹೆಚ್ಚುಕಡಿಮೆ ಬಹನಾಗಾದ್ದೇ ಆದ್ದರಿಂದ ಪದಗಳೂ ಅವೇ. ಆ ವರದಿಯನ್ನು ನಿಘಂಟಿಲ್ಲದೆ ಓದಿ, ಮುಚ್ಚಿಟ್ಟು, ಆರು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಕ್ರಿಯಾಪದಗಳಲ್ಲಿ ತಡವರಿಸಿದರೆ ಬಹನಾಗಾದ ಮೊದಲ ವರದಿಗೆ ಮರಳಿ, ಗಾಯಾಳುಗಳ ವಿಷಯದಲ್ಲಿ ತಡವರಿಸಿದರೆ ಎರಡನೆಯದಕ್ಕೆ.