ಥರ್ಮಾಕೋಲ್ ಡಬ್ಬಿಯಲ್ಲಿ 42 ತತ್ತಿ, 34 ಮರಿ

ಕೋಳಿಯಿಲ್ಲದೆ ಬಲ್ಬಿನ ಶಾಖದಲ್ಲೇ ತತ್ತಿಗೆ ಕಾವು ಕೊಡಲು ಮನೆಯಲ್ಲೇ ಮಾಡಿಕೊಂಡ ಡಬ್ಬಿಯಲ್ಲಿ, ಐದನೇ ಸಲ ಇಟ್ಟ 42 ಜವಾರಿ ತತ್ತಿಯಲ್ಲಿ 34 ಮರಿ ಎದ್ದವು. ಅದಕ್ಕೂ ಮುಂಚಿನ ಲೆಕ್ಕ ಕೇಳಿದರೆ ನಗುತ್ತೀರಿ: ಮೊದಲ ಸಲ 30ಕ್ಕೆ 4, ಎರಡನೇ ಸಲ 36ಕ್ಕೆ 11 ಇರಬೇಕು, ಮೂರನೇ ಸಲ 30ಕ್ಕೆ ಸೊನ್ನೆ, ನಾಲ್ಕನೇ ಸಲ 40ಕ್ಕೆ 26-27. "ಲೈಟಿಗೆ ಇಟ್ರ ತತ್ತಿ ಬೇಯ್ತಾವ, ಮರಿ ಆಗೂದಿಲ್ಲ" ಅಂತ ಓಣಿಯಲ್ಲಿ ಕೋಳಿ ಸಾಕಿದವರೆಲ್ಲ ಹೇಳಿದ್ದರು. ಮೂರನೇ ಸಲ ಅವರ ಮಾತು ಖರೇ ಆಯಿತು, ನಿಜವಾಗಿಯೂ ಬೆಂದಿದ್ದವು. ಈಗ ಅವರೇ ತತ್ತಿ ಹಿಡಿದು ಬರುತ್ತಾರೆ.

ಡಬ್ಬಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೀನಿನ ಅಂಗಡಿಯ ದಪ್ಪ ಥರ್ಮಾಕೋಲ್ ಡಬ್ಬಿ 150 ರೂಪಾಯಿ, ಶಾಖ ನೋಡಿ ಬಲ್ಬು ಹತ್ತಿಸಿ ಆರಿಸುವ ಡಬ್ಲ್ಯೂ1209 ಬೋರ್ಡು ಮತ್ತು ಅಡಾಪ್ಟರ್ ಸೇರಿ 350ರ ಹತ್ತಿರ, ಹಳೇ ಕಂಪ್ಯೂಟರಿನ ಫ್ಯಾನು 80, ಬಲ್ಬು-ಹೋಲ್ಡರಿಗೆ 200, ತೇವ ತೋರಿಸುವ ಮೀಟರು 200, ಮುಚ್ಚಳದಲ್ಲಿ ಕೂಡಿಸಿದ ಫೋಟೋ ಗಾಜು, ಚಿಲ್ಲರೆ ಸಾಮಾನು. ಒಟ್ಟು 1,200 ಆಗಿರಬೇಕು. ಮೊದಲ ಮೂರು ಸಲ ಹಾಳಾದ ತತ್ತಿಯ ದುಡ್ಡೂ ಹತ್ತಿರಹತ್ತಿರ ಅಷ್ಟೇ ಆಗುತ್ತದೆ. ಅದನ್ನು ಬಿಟ್ಟು ಲೆಕ್ಕ ಹೇಳುವವರನ್ನು ನಂಬಬೇಡಿ.

ಬಲ್ಬಿನ ವಿಷಯದಲ್ಲಿ ಒಂದು ಮಾತು. 40 ವ್ಯಾಟಿನ ಬಲ್ಬು ದಿನಕ್ಕೆ ನೂರಾರು ಸಲ ಹತ್ತಿ ಆರಿದರೆ ಎರಡನೇ ವಾರದಲ್ಲಿ ಹೋಗಿಯೇ ಹೋಗುತ್ತದೆ, ಅದೂ ರಾತ್ರಿ. 60ರ ಎರಡು ಬಲ್ಬನ್ನು ಸೀರೀಸಿನಲ್ಲಿ ಕೂಡಿಸಿದರೆ ಮಂದವಾಗಿ ಉರಿಯುತ್ತವೆ, ಜೋಡಿಗೆ ಸುಮಾರು 40 ವ್ಯಾಟ್ ಶಾಖ ಬರುತ್ತದೆ, ಬಲ್ಬು ಸಾಯುವುದೇ ಇಲ್ಲ ಅನ್ನಬಹುದು. ಆದರೆ ಜೋಡಿಯಲ್ಲಿ ಒಂದು ಹೋದರೆ ಎರಡೂ ಆರುತ್ತವೆ. ಅದಕ್ಕೇ ಎರಡು ಜೋಡಿ ಹಾಕಿದ್ದೇನೆ. ಬಲ್ಬಿನ ಮೇಲೆ ತೂತು ಹೊಡೆದ ಹಾಲಿನ ಪುಡಿ ಡಬ್ಬಿ ಮುಚ್ಚಿದೆ. ಇಲ್ಲದಿದ್ದರೆ ಹತ್ತಿರದ ನಾಲ್ಕು ತತ್ತಿ ಸುಡುತ್ತವೆ, ಮೂಲೆಯವು ತಣ್ಣಗೇ ಇರುತ್ತವೆ.

ಮೂರನೇ ಸಲ ಬೆಂದದ್ದು ರಿಲೇಯಿಂದ, ಅಂದರೆ ಬೋರ್ಡಿನ ಮೇಲಿನ ಬಲ್ಬಿನ ಸ್ವಿಚ್ಚಿನಿಂದ. ಅದರ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು, ಬೋರ್ಡಿನಲ್ಲಿ ಲೈಟು ಆರಿದರೂ ಬಲ್ಬು ಉರಿಯುತ್ತಲೇ ಇತ್ತು. ಬೆಳಗ್ಗೆ ನೋಡಿದರೆ 46 ಡಿಗ್ರಿ. ತಪ್ಪು ನನ್ನದೇ: ಎಷ್ಟು ಡಿಗ್ರಿ ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕು ಅನ್ನುವ ಪಿ1 ಸೆಟ್ಟಿಂಗನ್ನು 0.1ಕ್ಕೆ ಇಟ್ಟು ರಿಲೇಯನ್ನು ಹಗಲೂರಾತ್ರಿ ಟಕಟಕ ಅನ್ನಿಸಿದ್ದೆ. ಈಗ 0.3. ಜೊತೆಗೆ ಬಲ್ಬಿನ ವೈರಿನಲ್ಲಿ ಇನ್ನೊಂದು ಹಳೇ ಮಾದರಿಯ ಕ್ಯಾಪ್ಸೂಲ್ ಥರ್ಮೋಸ್ಟಾಟ್ ಸೀರೀಸಿನಲ್ಲಿ ಹಾಕಿ 38.8ಕ್ಕೆ ಕಡಿಯುವಂತೆ ತಿರುಗಿಸಿದ್ದೇನೆ. ಇನ್ನೂರು ರೂಪಾಯಿ ಹೆಚ್ಚಿಗೆ ಹೋಯಿತು, ಹೋಗಲಿ. ಬೋರ್ಡಿನ ಅಡಿಯಲ್ಲಿ 230 ವೋಲ್ಟಿನ ಬೆಸುಗೆ ಬಯಲಿಗೇ ಇರುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದನ್ನು ಸ್ವಿಚ್ ಬಾಕ್ಸಿನೊಳಗೆ ಹಾಕಿ ಸ್ಕ್ರೂ ಬಿಗಿಯದೆ ಚಾಲೂ ಮಾಡಬೇಡಿ.

ಬೋರ್ಡು ತೋರಿಸುವ 37.6 ನಿಜವಾದ 37.6 ಅಲ್ಲ. ನನ್ನದು 0.9 ಕಡಿಮೆ ತೋರಿಸುತ್ತಿತ್ತು. ಮೊದಲ ಸಲ 19ನೇ ದಿನಕ್ಕೇ ಮರಿ ಒಡೆದು, ಹೊಕ್ಕುಳು ಕೂಡದೆ, ಕಾಲು ಸೆಟೆದುಕೊಂಡದ್ದು ಅದಕ್ಕೇ. ಥರ್ಮಾಸಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಬೋರ್ಡಿನ ಶಾಖ ಅಳೆಯುವ ಪ್ರೋಬನ್ನೂ ಒಟ್ಟಿಗೇ ಇಳಿಬಿಟ್ಟು, ಬಂದ ವ್ಯತ್ಯಾಸವನ್ನು ತಿದ್ದುಪಡಿಯ ಸೆಟ್ಟಿಂಗಾದ ಪಿ4ರಲ್ಲಿ ಹಾಕಿ. ಫ್ಯಾನಿದ್ದರೆ 37.6 ಸಾಕು. ಫ್ಯಾನಿಲ್ಲದ ಡಬ್ಬಿಗೆ ತತ್ತಿಯ ನೆತ್ತಿಯ ಮಟ್ಟದಲ್ಲಿ 38.5ರ ಆಸುಪಾಸು ಬೇಕು.

ಇನ್ನು ತೇವ. ನಮ್ಮ ಕಡೆ ಎಲ್ಲರೂ ಸೋಲುವುದು ಇಲ್ಲೇ. ಯುಗಾದಿ ಆಸುಪಾಸಿನ ಹುಬ್ಬಳ್ಳಿ ಬಿಸಿಲಲ್ಲಿ ನೀರಿಡದ ಡಬ್ಬಿಯೊಳಗೆ ತೇವ ಶೇಕಡಾ 25ಕ್ಕೂ ಕೆಳಗೆ ಇಳಿಯುತ್ತದೆ. ಶ್ರಾವಣದ ಜಡಿಮಳೆಯಲ್ಲಿ ನೀರಿಡದೇ 40 ಇರುತ್ತದೆ. ಎರಡೂ ಕಾಲಕ್ಕೆ ಅದೇ ಬಟ್ಟಲು, ಅಷ್ಟೇ ನೀರು ಇಟ್ಟರೆ ಒಂದರಲ್ಲಿ ಮರಿ ಒಣಗುತ್ತದೆ, ಇನ್ನೊಂದರಲ್ಲಿ ಒಳಗೇ ನೀರು ಕುಡಿದು ಸಾಯುತ್ತದೆ. ಬಟ್ಟಲು ಎಷ್ಟು ಆಳ ಅನ್ನುವುದು ಮುಖ್ಯವಲ್ಲ, ಬಾಯಿ ಎಷ್ಟು ಅಗಲ ಅನ್ನುವುದೇ ಮುಖ್ಯ. ಬೇಸಿಗೆಯಲ್ಲಿ ಎರಡು ಅಗಲ ತಟ್ಟೆ ಮತ್ತು ನೀರಲ್ಲಿ ಅರ್ಧ ಮುಳುಗಿದ ಸ್ಪಂಜು, ಮಳೆಗಾಲದಲ್ಲಿ ಒಂದು ಚಹಾದ ಬಸಿ.

ಇನ್ನೂರು ರೂಪಾಯಿಯ ತೇವದ ಮೀಟರು ಹತ್ತು ಅಂಕಿ ಆಚೀಚೆ ಹೇಳುತ್ತದೆ. ಅಡುಗೆಮನೆಯ ತಕ್ಕಡಿ ಸುಳ್ಳು ಹೇಳುವುದಿಲ್ಲ. ಜವಾರಿ ತತ್ತಿ ಒಂದಕ್ಕೆ 45 ಗ್ರಾಂ ಹಿಡಿದರೆ 30ರ ಟ್ರೇಗೆ 1,350 ಗ್ರಾಂ. 18ನೇ ದಿನಕ್ಕೆ ಅದರಲ್ಲಿ ನೂರಕ್ಕೆ 12-13 ಪಾಲು ಆವಿಯಾಗಿ ಹೋಗಿರಬೇಕು. ಅಂದರೆ ದಿನಕ್ಕೆ 9 ಗ್ರಾಂ ಚಿಲ್ಲರೆ. ಮೂರು ದಿನಕ್ಕೊಮ್ಮೆ ಟ್ರೇ ಸಮೇತ ತೂಗಿ: ತೂಕ ಬೇಗ ಇಳಿದರೆ ತಟ್ಟೆ ಹೆಚ್ಚಿಸಿ, ಇಳಿಯದಿದ್ದರೆ ತೆಗೆಯಿರಿ. ಪೊಳ್ಳು ತತ್ತಿ ತೆಗೆದ ದಿನ ಹೊಸದಾಗಿ ತೂಕ ಬರೆದುಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಾಲ್ಕನೇ ಸಲದಿಂದ ನಾನು ಮಾಡಿದ ದೊಡ್ಡ ಬದಲಾವಣೆ ಇದೊಂದೇ. ನೀರಿಗೆ ಇನ್ನೊಂದು ಬೆರೆಸುತ್ತೇನೆ, ಡಬ್ಬಿಯಲ್ಲಿ ಬೂಸ್ಟು ಹಿಡಿಯುವುದಿಲ್ಲ. ಏನು ಅಂತ ಸದ್ಯಕ್ಕೆ ಕೇಳಬೇಡಿ.

ತತ್ತಿ ತರುವಾಗ ಆಗುವ ಹಾನಿಯೂ ಸಣ್ಣದಲ್ಲ. ಕುಂದಗೋಳ ಕಡೆಯಿಂದ ಬೈಕಿನಲ್ಲಿ ತಂದ ತತ್ತಿಯನ್ನು ಅದೇ ರಾತ್ರಿ ಇಟ್ಟರೆ, ಒಳಗಿನ ಗಾಳಿಗುಳ್ಳೆ ಅಲುಗಿ ಅರ್ಧ ಹೋಗುತ್ತವೆ. ಚೂಪು ತುದಿ ಕೆಳಗೆ ಮಾಡಿ ಒಂದು ದಿನ ಸುಮ್ಮನೆ ಬಿಡಿ. ಕೂಡಿಸಿಡುವುದಿದ್ದರೆ ಏಳು ದಿನ, ಹೆಚ್ಚಲ್ಲ. ಬೇಸಿಗೆಯಲ್ಲಿ ಮನೆಯೊಳಗಿನ 33 ಡಿಗ್ರಿಗೇ ತತ್ತಿಯಲ್ಲಿ ಜೀವ ಮಿಸುಕಾಡಲು ಶುರುವಾಗಿ ಅಲ್ಲೇ ಸಾಯುತ್ತದೆ. ಲೈಟು ಬಿಟ್ಟು ನೋಡಿದಾಗ ಕೆಂಪು ಉಂಗುರ ಕಾಣುವುದು ಇಂಥವುಗಳಲ್ಲೇ ಹೆಚ್ಚು. ನಾನು ಮಣ್ಣಿನ ಗಡಿಗೆಗೆ ಒದ್ದೆ ಗೋಣಿಚೀಲ ಸುತ್ತಿ ಅದರೊಳಗೆ ಇಡುತ್ತೇನೆ.

ಹೊರಳಿಸಲು ಮೋಟಾರು ಹಾಕಲಿಲ್ಲ. ಟ್ರೇ ಕೆಳಗಿನ ಹಲಗೆಗೆ ಒಂದು ಬದಿ ಇಟ್ಟಿಗೆ, ಪ್ರತಿ ಸಲ ಬದಿ ಬದಲು. ಡಬ್ಬಿ ಪಡಸಾಲೆಯ ಮೂಲೆಯಲ್ಲಿರುವುದರಿಂದ ಅವ್ವ ಬೆಳಗ್ಗೆ ಚಹಾ ಇಡಲು ಎದ್ದಾಗೊಮ್ಮೆ, ಹುಡುಗರು ಸಾಲಿಯಿಂದ ಬಂದಾಗೊಮ್ಮೆ, ನಾನು ಮಲಗುವ ಮುಂಚೆ ಒಮ್ಮೆ. ಮೇಲೆ ಕ್ಯಾಲೆಂಡರಿನಲ್ಲಿ ಗೀಟು ಹಾಕದಿದ್ದರೆ ಒಂದೇ ತಾಸಿನಲ್ಲಿ ಇಬ್ಬರು ಹೊರಳಿಸಿ ಮತ್ತೆ ಅಲ್ಲೇ ತಂದಿಡುತ್ತಾರೆ. ಮಿಕ್ಸರಿಗಾಗಿ ಪ್ಲಗ್ ಕಿತ್ತು ಮರೆಯುವುದು ಇನ್ನೊಂದು ರೋಗ. ಪ್ಲಗ್ಗಿಗೆ ಟೇಪು ಸುತ್ತಿದ್ದೇನೆ.

ಕರೆಂಟು ಹೋದರೆ ಗಾಬರಿ ಬೇಡ. ತಂಪಿಗೆ ತಡೆಯುವ ಮರಿ ಶಾಖಕ್ಕೆ ತಡೆಯುವುದಿಲ್ಲ. ಒಳಗೆ ಯಾವಾಗಲೂ ನೀರು ತುಂಬಿದ ಎರಡು ಲೀಟರ್ ಬಾಟಲಿ ಇರುತ್ತವೆ, ಎರಡು ತಾಸು ಅವೇ ಹಿಡಿಯುತ್ತವೆ. ಇನ್ನೂ ಬರದಿದ್ದರೆ ಅವುಗಳಿಗೇ ಸ್ನಾನದ ಬಿಸಿನೀರು. ಒಂದು ಸಲ ನಾಲ್ಕೂವರೆ ತಾಸು ಹೋಗಿತ್ತು, ಒಳಗೆ 31ಕ್ಕೆ ಇಳಿದಿತ್ತು. ಮರಿ ಒಂದು ದಿನ ತಡವಾದವು, ಅಷ್ಟೇ.

18ನೇ ದಿನ ಇಟ್ಟಿಗೆ ತೆಗೆದು, ತತ್ತಿ ಮಲಗಿಸಿ, ತೇವ 65-70ಕ್ಕೆ ಏರಿಸಿ, ಗಾಳಿತೂತು ಎಲ್ಲಾ ಬಿಚ್ಚಿ, ಮುಚ್ಚಳಕ್ಕೆ ಟೇಪು ಹಚ್ಚುತ್ತೇನೆ. ಎರಡನೇ ಸಲ ಹುಡುಗರಿಗೆ ತೋರಿಸಲು ಮುಚ್ಚಳ ತೆಗೆದು ತೆಗೆದು, ಚುಂಚು ಹಾಕಿದ (ಮರಿ ಒಳಗಿನಿಂದ ಕುಕ್ಕಿ ತೂತು ಮಾಡಿದ) ಒಂಬತ್ತು ತತ್ತಿಯಲ್ಲಿ ಪೊರೆ ಕಾಗದದಂತೆ ಬಿಗಿದು ಮರಿ ಅಲ್ಲೇ ನಿಂತವು. ಫೋಟೋ ಗಾಜು ಬಂದದ್ದು ಆಮೇಲೆ. ಚುಂಚು ಹಾಕಿ 12-18 ತಾಸು ಸುಮ್ಮನಿದ್ದರೂ ಕೈ ಹಾಕಬೇಡಿ, ಅದು ಭಂಡಾರ, ಅಂದರೆ ತತ್ತಿಯ ಹಳದಿ, ಒಳಗೆಳೆದುಕೊಳ್ಳುವ ಹೊತ್ತು. ಎದ್ದ ಮರಿಯೂ ಒಳಗೇ ಒಣಗಲಿ, ಒಂದು ದಿನ ಹೊಟ್ಟೆಗೆ ಏನೂ ಬೇಡ.

ಪಕ್ಕದಲ್ಲೇ ಇನ್ನೊಂದು ನೋಡಿದೆ: ಅದೇ ತತ್ತಿಯಲ್ಲಿ 12 ಕಾವಿಗೆ ಕೂತ ಜವಾರಿ ಕೋಳಿಗೆ ಹಾಕಿದ್ದೆ, 11 ಎದ್ದವು. ಕೋಳಿಯನ್ನು ಡಬ್ಬಿ ಇನ್ನೂ ಸೋಲಿಸಿಲ್ಲ. ಆದರೆ ಅದಕ್ಕೇ ರಾತ್ರಿ ಕತ್ತಲಲ್ಲಿ ಡಬ್ಬಿಯ ಎಂಟು ಮರಿ ರೆಕ್ಕೆ ಕೆಳಗೆ ಸೇರಿಸಿದರೆ ಬೆಳಗ್ಗೆ ತನ್ನವೇ ಅಂತ ಕರೆದುಕೊಂಡು ಅಡ್ಡಾಡಿತು. ಹಗಲು ಬಿಟ್ಟರೆ ಕುಕ್ಕುತ್ತದೆ. ಬಾತುಕೋಳಿಯ ತತ್ತಿ ಆರು ಇಟ್ಟೆ, 28 ದಿನ ಕಾಯಬೇಕು, ಎರಡೇ ಬಂದವು, ಕೈಬಿಟ್ಟೆ. ಚಳಿಗಾಲದಲ್ಲಿ ಡಬ್ಬಿ ಖಾಲಿ ಇದ್ದಾಗ ಮನೆಯವರು ದೋಸೆ ಹಿಟ್ಟು ಇಡುತ್ತಾರೆ, ಐದು ತಾಸಿಗೆ ಉಕ್ಕಿ ಬರುತ್ತದೆ. ಮುಂದಿನ ತತ್ತಿ ಇಡುವ ಮುಂಚೆ ಸ್ಪಿರಿಟ್ಟಿನಲ್ಲಿ ಒರೆಸುವ ಕೆಲಸ ಮಾತ್ರ ನನ್ನ ಪಾಲಿಗೆ.

ಒಂದು ಸಲಕ್ಕೆ ಕರೆಂಟು 20-22 ಯುನಿಟ್. 42 ತತ್ತಿಗೆ 500ರ ಆಸುಪಾಸು. 34ರಲ್ಲಿ 20 ಮರಿಯನ್ನು 50ರಂತೆ ಕೊಟ್ಟೆ, ಉಳಿದವು ಹಿತ್ತಲಲ್ಲಿವೆ. ಆರನೇ ದಿನ ಕೊಕ್ಕರೆ ರೋಗದ ಲಸಿಕೆ ಲಾಸೋಟಾ ಕಣ್ಣಿಗೆ ಬಿಡಬೇಕು. ನಮಗೆ ಸಿಗುವ ಸೀಸೆ ನೂರು ಡೋಸಿನದು, ಒಡೆದರೆ ಎರಡು ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಓಣಿಯ ಮರಿಗಳೆಲ್ಲ ಅವತ್ತು ನಮ್ಮ ಹಿತ್ತಲಿಗೆ ಬರುತ್ತವೆ, ಬುಟ್ಟಿ ಬುಟ್ಟಿ.